ಕಟ್ಟಡವೂ ಸಭೆಯೂ: ಆಧುನಿಕ ಜೀವನದಲ್ಲಿ ಕ್ರೈಸ್ತ ಚರ್ಚಿನ ಸ್ಥಾನವನ್ನು ಕುರಿತು ಒಂದು ವಿಚಾರ

1

ಕ್ರೈಸ್ತ ಚರ್ಚು ಇಂದಿನ ಜೀವನಕ್ಕೆ ಇನ್ನೂ ಸಲ್ಲುವ ಸಂಸ್ಥೆಯೇ ಎಂಬ ಪ್ರಶ್ನೆಯನ್ನು ಪಶ್ಚಿಮ ದೇಶಗಳಲ್ಲಿ ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಅಲ್ಲಿ ಉತ್ತರವನ್ನು ಹೆಚ್ಚಾಗಿ ಅಂಕಿಗಳಲ್ಲಿ ಹುಡುಕುವುದು ರೂಢಿ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2011ರ ಜನಗಣತಿಯಲ್ಲಿ ತಾವು ಕ್ರೈಸ್ತರೆಂದು ಬರೆಸಿದವರು ನೂರಕ್ಕೆ 59.3 ಮಂದಿ, 2021ರಲ್ಲಿ ಅವರ ಪ್ರಮಾಣ 46.2ಕ್ಕೆ ಇಳಿಯಿತು. ನೆದರ್ಲೆಂಡಿನ ಮಾಸ್ಟ್ರಿಕ್ಟ್ ನಗರದಲ್ಲಿ ಡೊಮಿನಿಕನ್ ಸಂನ್ಯಾಸಿಗಳ ಪ್ರಾಚೀನ ಚರ್ಚೊಂದು 2006ರಿಂದ ಪುಸ್ತಕದ ಅಂಗಡಿಯಾಗಿದೆ. ಇಂಥ ಸಂಗತಿಗಳನ್ನು ಮುಂದಿಟ್ಟು, ಚರ್ಚಿನ ಕಾಲ ಮುಗಿಯಿತು ಎಂದು ಕೆಲವರು ತೀರ್ಮಾನಿಸುವರು.

ನಮ್ಮ ನಾಡಿನಲ್ಲಿ ಈ ಅಳತೆಗೋಲು ನಡೆಯದು. 2011ರ ಜನಗಣತಿಯಂತೆ ಕರ್ನಾಟಕದ ಜನರಲ್ಲಿ ಕ್ರೈಸ್ತರು ನೂರಕ್ಕೆ 1.87 ಮಂದಿ. ಎಂದೂ ದೊಡ್ಡದಾಗಿರದ ಸಮುದಾಯ ಚಿಕ್ಕದಾಗಿದೆ ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸುತ್ತಿನ ಸೀಮೆಯಲ್ಲಂತೂ ಬಹುಜನರು ಚರ್ಚಿನ ಒಳಗೆ ಕಾಲಿಡದೆಯೇ ಬಾಳನ್ನು ಕಳೆಯುತ್ತಾರೆ. ಆದ್ದರಿಂದ ಇಲ್ಲಿ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಬೇಕು: ಎಷ್ಟು ಜನ ಚರ್ಚಿಗೆ ಹೋಗುತ್ತಾರೆ ಎಂದಲ್ಲ, ಚರ್ಚಿಗೆ ಹೋಗದ ಜನರ ಬಾಳಿನಲ್ಲಿ ಅದರಿಂದ ಏನು ಸೇರಿದೆ, ಇನ್ನು ಮುಂದೆ ಏನು ಸೇರಬಹುದು ಎಂದು.

ಹಾಗೆ ಕೇಳುವುದಕ್ಕೆ ಈ ಸೀಮೆ ತಕ್ಕ ಸ್ಥಳ. ಸಂಸ್ಥೆಗಳು ಬಾಳುವುದೂ ಅಳಿಯುವುದೂ ಹೇಗೆ ಎಂಬುದನ್ನು ಇಲ್ಲಿಯ ಕಲ್ಲುಗಳೇ ಹೇಳುತ್ತವೆ. ಹಂಪಿಯಲ್ಲಿ ಎರಡು ದೇವಾಲಯಗಳನ್ನು ಒಂದೇ ದಿನ ನೋಡಿ ಬಂದವರಿಗೆ ಈ ಮಾತು ಸ್ಪಷ್ಟವಾದೀತು. ವಿಜಯವಿಠ್ಠಲನ ಗುಡಿ ಶಿಲ್ಪಕಲೆಯ ಪರಾಕಾಷ್ಠೆ. ಅದನ್ನು ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ಆದರೆ ಅಲ್ಲಿ ಪೂಜೆಯಿಲ್ಲ. ವಿರೂಪಾಕ್ಷನ ಗುಡಿಯಲ್ಲಿ ದೀಪ ಇಂದಿಗೂ ಉರಿಯುತ್ತಿದೆ. ಹಳ್ಳಿಯ ಹೆಂಗಸು ಹಣ್ಣುಕಾಯಿ ಹಿಡಿದು ಅಲ್ಲಿಗೆ ಹೋಗುತ್ತಾಳೆ. ಮೊದಲನೆಯದಕ್ಕೆ ಪ್ರೇಕ್ಷಕರಿದ್ದಾರೆ, ಎರಡನೆಯದಕ್ಕೆ ಭಕ್ತರಿದ್ದಾರೆ. ಕಂಪ್ಲಿಯದು ಮೂರನೆಯ ಬಗೆ. ಕಂಪಿಲರಾಯನ ರಾಜ್ಯ 1327ರ ಹೊತ್ತಿಗೆ ದಿಲ್ಲಿಯ ದಂಡಿಗೆ ಸಿಕ್ಕಿ ಅಳಿಯಿತು. ಆದರೆ ಅವನ ಮಗ ಕುಮಾರರಾಮನ ಕಥೆ ನಂಜುಂಡಕವಿಯ ಸಾಂಗತ್ಯದಲ್ಲಿಯೂ ಜನಪದರ ಹಾಡುಗಳಲ್ಲಿಯೂ ಉಳಿದು ಬಂದಿತು. ಅಲ್ಲಿ ಕಟ್ಟಡ ಬಿದ್ದರೂ ಮಾತು ನಿಂತಿತು. ವೈಭವವಿದ್ದೂ ಬರಿದಾದದ್ದು, ನಿತ್ಯದ ಬಾಳಿನಲ್ಲಿ ನಡೆದುಬಂದದ್ದು, ತಾನು ಅಳಿದು ಜನರ ಬಾಯಲ್ಲಿ ಉಳಿದದ್ದು: ಚರ್ಚು ಈ ಮೂರರಲ್ಲಿ ಯಾವ ಸಾಲಿಗೆ ಸೇರುವುದೆಂಬುದೇ ನಮ್ಮ ವಿಚಾರ.

2

ಮೊದಲು ಹೆಸರನ್ನು ವಿಚಾರಿಸುವುದು ಒಳ್ಳೆಯದು. ಈ ಸಂಸ್ಥೆಗೆ ಕನ್ನಡದಲ್ಲಿ ಮೂರು ಮಾತುಗಳು ಬಳಕೆಯಲ್ಲಿವೆ. ಕರಾವಳಿಯ ಕಥೋಲಿಕರು 'ಇಗರ್ಜಿ' ಎನ್ನುವರು. ಇದು ಪೋರ್ತುಗೀಸರಿಂದ ಬಂದದ್ದು. ಅದರ ಮೂಲವಾದ ಗ್ರೀಕ್ ಶಬ್ದಕ್ಕೆ ಕರೆಸಲ್ಪಟ್ಟು ಕೂಡಿದ ಜನ ಎಂದು ಅರ್ಥ. 'ಚರ್ಚು' ಇಂಗ್ಲಿಷಿನಿಂದ ಬಂದದ್ದು. ಅದರ ಮೂಲವೂ ಗ್ರೀಕೇ ಆದರೂ ಅದು 'ಪ್ರಭುವಿಗೆ ಸೇರಿದ್ದು', ಎಂದರೆ ಪ್ರಭುವಿನ ಮನೆ, ಎಂಬರ್ಥದ ಬೇರೊಂದು ಶಬ್ದ. ಮೂರನೆಯದು ಪ್ರಾಟೆಸ್ಟಂಟ್ ಮಿಶನರಿಗಳು ಕನ್ನಡ ಬೈಬಲಿನಲ್ಲಿ ರೂಢಿಗೆ ತಂದ 'ಸಭೆ'.

ಮೂರರಲ್ಲಿ 'ಸಭೆ' ಎಂಬುದೇ ನಮಗೆ ಅರ್ಥವತ್ತಾಗಿ ತೋರುತ್ತದೆ. ಇಗರ್ಜಿಯೆಂಬುದು ಮೂಲದಲ್ಲಿ ಜನವನ್ನು ಹೇಳಿದರೂ ಕನ್ನಡಿಗನ ಕಿವಿಗೆ ಕಟ್ಟಡವನ್ನೇ ಹೇಳುತ್ತದೆ; ಚರ್ಚು ಎಂದೊಡನೆ ಕಣ್ಣಿಗೆ ಬರುವುದು ಗೋಪುರ, ಗಂಟೆ, ಶಿಲುಬೆ. ಸಭೆಯೆಂದರೆ ಮಾತ್ರ ಕೂಡಿ ಕುಳಿತ ಜನರು. ಸಭೆ ಚದುರಿದರೆ ಕಟ್ಟಡವಿದ್ದೂ ಅದು ಇಲ್ಲ. ಸಭೆ ಕೂಡಿದರೆ ಮರದ ಕೆಳಗಾದರೂ ಅದು ಇದೆ. ಚರ್ಚು ಪ್ರಸ್ತುತವೇ ಎಂದು ಕೇಳುವವರು ಅನೇಕವೇಳೆ ಕಟ್ಟಡವನ್ನೂ ಆಸ್ತಿಯನ್ನೂ ಅಧಿಕಾರಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಾರೆ; ಉತ್ತರ ಹೇಳುವವರೂ ಅವನ್ನೇ ತೋರಿಸಿ ಉತ್ತರ ಹೇಳುತ್ತಾರೆ. ನಾವು ಇಲ್ಲಿ ಸಭೆಯನ್ನು ಕುರಿತು ಕೇಳುತ್ತಿದ್ದೇವೆ.

3

ಈ ಸೀಮೆಗೆ ಕ್ರೈಸ್ತರ ಪರಿಚಯವಾದದ್ದು ಮಿಶನರಿಗಳಿಂದಲ್ಲ. ವಿಜಯನಗರದ ಅರಸರಿಗೆ ಕುದುರೆ ಬೇಕಾಗಿತ್ತು, ಪೋರ್ತುಗೀಸರಿಗೆ ವ್ಯಾಪಾರ ಬೇಕಾಗಿತ್ತು. 1510ರಲ್ಲಿ ಆಲ್ಬುಕರ್ಕನು ಲೂಯಿಸ್ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿಯನ್ನು ಕೃಷ್ಣದೇವರಾಯನ ಆಸ್ಥಾನಕ್ಕೆ ರಾಯಭಾರಿಯಾಗಿ ಕಳುಹಿಸಿದನು. ಆ ಸಂನ್ಯಾಸಿ ಹೊತ್ತು ತಂದದ್ದು ರಾಜಕಾರಣದ ಸಂದೇಶ. 1520ರ ಸುಮಾರಿನಲ್ಲಿ ಪಾಯೆಸನೂ 1535ರ ಸುಮಾರಿನಲ್ಲಿ ನೂನಿಜನೂ ಬರೆದ ವೃತ್ತಾಂತಗಳು ನಮಗೆ ಅಮೂಲ್ಯವಾದ ಆಧಾರಗಳು. ನೂನಿಜನು ಒಂದು ಸಣ್ಣ ಸಂಗತಿಯನ್ನು ಹೇಳುತ್ತಾನೆ. ಇಂದಿನ ಹೊಸಪೇಟೆಯ ಬಳಿ, ಅಂದಿನ ನಾಗಲಾಪುರದಲ್ಲಿ, ರಾಯನು ಕಟ್ಟಿಸಿದ ದೊಡ್ಡ ಕೆರೆಯ ಕೆಲಸಕ್ಕೆ ಗೋವೆಯಿಂದ ಬಂದ ಜುವಾಂವ್ ದೆ ಲಾ ಪೊಂತೆ ಎಂಬ ಪೋರ್ತುಗೀಸ್ ಕಲ್ಲುಕೆಲಸದವನು ನೆರವಾದನಂತೆ.

ಈ ಕಲ್ಲುಕುಟಿಗನು ಧರ್ಮಬೋಧನೆ ಮಾಡಿದನೆಂದು ನೂನಿಜನು ಹೇಳುವುದಿಲ್ಲ. ಅವನು ಬಂದದ್ದು ನೀರನ್ನು ನಿಲ್ಲಿಸುವುದಕ್ಕೆ. ಊರಿಗೆ ನೀರು ಬೇಕಾಗಿತ್ತು, ಅವನಿಗೆ ವಿದ್ಯೆ ತಿಳಿದಿತ್ತು. ನಾಲ್ಕು ಶತಮಾನಗಳ ಮೇಲೆ, 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟು ಅದೇ ಹೊಸಪೇಟೆಯ ಬಳಿ ಎದ್ದಾಗ ಪೋರ್ತುಗೀಸರ ನೆರವಿನ ಆವಶ್ಯಕತೆ ಯಾರಿಗೂ ತೋರಲಿಲ್ಲ. ವಿದ್ಯೆ ನಮ್ಮದಾಗಿತ್ತು. ಉಪಯೋಗವನ್ನೇ ಆಧಾರವಾಗಿಟ್ಟುಕೊಂಡು ನಿಂತ ಸಂಬಂಧದ ಗತಿ ಇದು: ಕಲಿತವರಿಗೆ ಕಲಿಸಿದವರು ಬೇಕಾಗುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಮಿಶನರಿಗಳ ಕೆಲಸವನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಹೊಸಪೇಟೆ, ಕಂಪ್ಲಿಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಸಂಡೂರು ಆ ಜಿಲ್ಲೆಯ ನಡುವೆ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಈ ಭಾಗಕ್ಕೆಲ್ಲ ಬಳ್ಳಾರಿಯೇ ಕೇಂದ್ರ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಕನ್ನಡವನ್ನು ಕಲಿತು, ಬೈಬಲನ್ನು ಕನ್ನಡಿಸಲು ತೊಡಗಿದನು. 1831ರ ಹೊತ್ತಿಗೆ ಸಮಗ್ರ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಅದೇ ಸಂಸ್ಥೆಯ ವಿಲಿಯಂ ರೀವ್ ರಚಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದಿತು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಆರಂಭಿಸಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆಯೆಂಬುದು ಎಲ್ಲರಿಗೂ ತಿಳಿದ ವಿಷಯ. ಅದು ಮರುವರ್ಷ 'ಕನ್ನಡ ಸಮಾಚಾರ'ವೆಂಬ ಹೆಸರಿನಿಂದ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಮುಂದೆ ಕಿಟ್ಟೆಲ್ 'ಶಬ್ದಮಣಿದರ್ಪಣ', 'ಛಂದೋಂಬುಧಿ'ಗಳನ್ನು ಪ್ರಕಟಿಸಿ, 1894ರಲ್ಲಿ ತನ್ನ ಮಹಾಕೋಶವನ್ನು ಹೊರತಂದನು.

ಇವರ ಉದ್ದೇಶ ಮತಪ್ರಚಾರವೆಂಬುದನ್ನು ಮುಚ್ಚಿಡಬೇಕಾದ್ದಿಲ್ಲ; ಅವರೂ ಮುಚ್ಚಿಡಲಿಲ್ಲ. ಆದರೆ ಫಲ ಉದ್ದೇಶವನ್ನು ಮೀರಿತು. ಕೋಶವನ್ನು ತೆರೆದು ಪಂಪ ರನ್ನರನ್ನು ಓದಿದವರು, ಪತ್ರಿಕೆ ನಡೆಸುವುದನ್ನು ಕಲಿತವರು, ಮಿಶನ್ ಶಾಲೆಗಳಲ್ಲಿ ಇಂಗ್ಲಿಷು ಕಲಿತವರು ಬಹುಮಟ್ಟಿಗೆ ಕ್ರೈಸ್ತರಾಗಲಿಲ್ಲ. ಮಿಶನ್ನಿನ ಲೆಕ್ಕದಲ್ಲಿ ಇದು ಸೋಲು. ಕನ್ನಡದ ಲೆಕ್ಕದಲ್ಲಿ ಗೆಲವು. ಚರ್ಚಿನ ಸಾರ್ಥಕತೆ ಈ ಎರಡು ಲೆಕ್ಕಗಳ ನಡುವಣ ಅಂತರದಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ತನ್ನದನ್ನಾಗಿ ಉಳಿಸಿಕೊಳ್ಳಲಾರದೆ ಕೊಟ್ಟದ್ದೇ ಅದು ನಿಜವಾಗಿ ಕೊಟ್ಟದ್ದು.

ಆದರೂ ಇಲ್ಲಿಗೇ ನಿಂತರೆ ಚರ್ಚನ್ನು ವಿಠ್ಠಲನ ಗುಡಿಯ ಸಾಲಿಗೆ ಸೇರಿಸಿದಂತಾಗುವುದು. ಶಾಲೆಗಳನ್ನು ಇಂದು ಸರ್ಕಾರವೂ ಮಠಗಳೂ ನಡೆಸುತ್ತಿವೆ. ಆಸ್ಪತ್ರೆಗಳನ್ನು ವ್ಯಾಪಾರಿಗಳೂ ನಡೆಸುತ್ತಾರೆ. ಕೋಶಕಾರ್ಯವನ್ನು ಕನ್ನಡ ಸಾಹಿತ್ಯ ಪರಿಷತ್ತು ಕೈಗೊಂಡಿತು. 1991ರಲ್ಲಿ ಹಂಪಿಯಲ್ಲೇ ಕನ್ನಡಕ್ಕೊಂದು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಹಿಂದೆ ಉಪಕಾರ ಮಾಡಿದ್ದೇವೆಂಬ ಮಾತು ಕೃತಜ್ಞತೆಗೆ ಕಾರಣವಾಗಬಹುದೇ ಹೊರತು ಪ್ರಸ್ತುತತೆಗೆ ಪ್ರಮಾಣವಾಗಲಾರದು. ಕ್ರೈಸ್ತ ಬಂಧುಗಳು ತಮ್ಮ ಸಮಾರಂಭಗಳಲ್ಲಿ ಶಾಲೆ, ಆಸ್ಪತ್ರೆ, ಕಿಟ್ಟೆಲ್ ಕೋಶ ಎಂದು ಎಣಿಸುವುದನ್ನು ಕೇಳಿದಾಗ, ಆ ಎಣಿಕೆಯ ಹಿಂದೆ ಒಂದು ಅಧೈರ್ಯವಿದೆಯೆಂದು ನಮಗೆ ಅನ್ನಿಸದಿರದು.

4

ಹಾಗಾದರೆ ಬೇರೆಯವರು ಮಾಡಲಾರದೆ ಸಭೆ ಮಾತ್ರ ಮಾಡಬಹುದಾದ ಕೆಲಸ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುವವರು ಹೊಸಪೇಟೆಯಿಂದ ಪಶ್ಚಿಮಕ್ಕೆ, ಇಂದು ಅದೇ ವಿಜಯನಗರ ಜಿಲ್ಲೆಗೆ ಸೇರಿರುವ ಹೂವಿನಹಡಗಲಿಯವರೆಗೆ ಹೋಗಬೇಕು. 2021ರಲ್ಲಿ ಈ ಜಿಲ್ಲೆ ಬೇರೆಯಾಗುವುದಕ್ಕೆ ಮುಂಚೆ ಹಡಗಲಿಯೂ ಬಳ್ಳಾರಿ ಜಿಲ್ಲೆಯ ಊರೇ. ಅಲ್ಲಿ ನೆಲೆಸಿ 1962ರಲ್ಲಿ ತೀರಿಕೊಂಡ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಈ ವಿಚಾರದಲ್ಲಿ ನಮ್ಮ ಮುಖ್ಯ ನಿದರ್ಶನ.

1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಚನ್ನಪ್ಪನವರು ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ದೈವಜ್ಞಾನವನ್ನು ಕಲಿತು, ಪಾದ್ರಿಗಳಾದವರು. ಪಾದ್ರಿಗೆ ನಿಯತವಾದ ಕೆಲಸ ಕ್ರಿಸ್ತನ ವಾಕ್ಯವನ್ನು ಊರಿಗೆ ಹೇಳುವುದು. ಇವರು ಅದರೊಡನೆ ಊರಿನ ವಾಕ್ಯವನ್ನೂ ಕೇಳತೊಡಗಿದರು. ಹಳ್ಳಿಗರ ಬಾಯಲ್ಲಿಯೂ ಓಲೆಯ ಕಟ್ಟುಗಳಲ್ಲಿಯೂ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ವರ್ಷಗಟ್ಟಲೆ ಅರಸಿ, ಪಾಠಗಳನ್ನು ತಾಳೆ ನೋಡಿ, 1924ರಲ್ಲಿ 'ಸರ್ವಜ್ಞನ ವಚನಗಳು' ಎಂಬ ಸಂಕಲನವನ್ನು ಹೊರತಂದರು. ಸರ್ವಜ್ಞನ ವಿಷಯದಲ್ಲಿ ಮುಂದೆ ನಡೆದ ಕೆಲಸಕ್ಕೆಲ್ಲ ಅದು ತಳಹದಿ. ಆಮೇಲೆ ಅವರು ಶರಣಸಾಹಿತ್ಯದತ್ತ ತಿರುಗಿ, ಮೋಳಿಗೆಯ ಮಾರಯ್ಯ, ರಾಣಿ ಮಹಾದೇವಿ, ಸಿದ್ಧರಾಮ, ಆದಯ್ಯ ಮುಂತಾದವರ ಕೃತಿಗಳ ಸಂಪಾದನೆಯಲ್ಲಿ ಕೈಯಿಟ್ಟರು. ಅನುಭವ ಮಂಟಪ ಬರಿಯ ಕಲ್ಪನೆಯೆಂದವರಿಗೆ ಉತ್ತರವಾಗಿ ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದರು. ತಮ್ಮನ್ನು 'ತಿರುಳ್ಗನ್ನಡದ ತಿರುಕ' ಎಂದು ಕರೆದುಕೊಂಡರು. 1949ರಲ್ಲಿ, ಹೈದರಾಬಾದು ಸಂಸ್ಥಾನ ನಿಜಾಮನ ಕೈತಪ್ಪಿದ ಮರುವರ್ಷ, ಕಲಬುರಗಿಯಲ್ಲಿ ಕೂಡಿದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಈ ಪಾದ್ರಿಗಳೇ ಅಧ್ಯಕ್ಷರು.

ಒಬ್ಬ ಪಾದ್ರಿ ಅನ್ಯಮತದ ಗ್ರಂಥಗಳನ್ನು ಸಂಪಾದಿಸಿದ್ದರಲ್ಲಿ ಹೊಸತೇನಿಲ್ಲ. ಕಿಟ್ಟೆಲನೂ ಮೋಗ್ಲಿಂಗನೂ ಅದನ್ನು ಮಾಡಿದ್ದರು ಎಂದು ಯಾರಾದರೂ ಹೇಳಬಹುದು. ಮಾತು ನಿಜ; ಆದರೆ ಭೇದವಿದೆ. ಜರ್ಮನ್ ವಿದ್ವಾಂಸರು ಈ ನಾಡಿನ ಮನಸ್ಸನ್ನು ತಿಳಿಯುವುದಕ್ಕಾಗಿ ಈ ಗ್ರಂಥಗಳನ್ನು ಓದಿದರು. ಚನ್ನಪ್ಪನವರಿಗೆ ಇದು ತಮ್ಮದೇ ಮನಸ್ಸು. ಕ್ರಿಸ್ತನಲ್ಲಿ ತಾವು ಕಂಡದ್ದಕ್ಕೂ ಶರಣರಲ್ಲಿ ತಾವು ಕೇಳಿದ್ದಕ್ಕೂ ನಡುವೆ ಅವರು ಗೋಡೆಯನ್ನು ಕಟ್ಟಲಿಲ್ಲ. ಹಾಗೆಂದು ಎರಡೂ ಒಂದೇ ಎಂದು ತೇಲಿಸಿಬಿಡಲೂ ಇಲ್ಲ. ಕೊನೆಯವರೆಗೂ ಅವರು ಕ್ರೈಸ್ತರಾಗಿಯೇ ಉಳಿದರು.

ಅವರ ಮೊದಮೊದಲಿನ ಕೃತಿಯೊಂದರ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಆ ಹೆಸರನ್ನೇ ಸ್ವಲ್ಪ ವಿಮರ್ಶಿಸಿದರೆ ಸಾಕು, ನಮ್ಮ ಪ್ರಶ್ನೆಯ ಮೇಲೆ ಬೆಳಕು ಬೀಳುತ್ತದೆ. ಮಿಶನರಿಗಳ ಕಿರುಹೊತ್ತಗೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬೋಧನೆ, ಎಚ್ಚರಿಕೆ, ಖಂಡನೆ. ಅವೆಲ್ಲ ಮೇಲಿಂದ ಕೆಳಕ್ಕೆ ಇಳಿಯುವ ಮಾತುಗಳು. 'ವಿನಂತಿ' ಎಂಬುದು ಮನೆಯ ಬಾಗಿಲಲ್ಲಿ ನಿಂತು ಹೇಳುವ ಮಾತು. ಒಳಗಿರುವವನಿಗೆ ಇಲ್ಲವೆನ್ನುವ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟು ಆಡುವ ಮಾತು. ಬೆತ್ಲೆಹೇಮು ಕೊಟ್ಟಿಗೆಯ ಊರು, ಬನಾರಸು ವಿದ್ಯೆಯ ಪೀಠ. ಕೊಟ್ಟಿಗೆ ಪೀಠದ ಮುಂದೆ ಬಂದು ವಿನಯದಿಂದ ಕೇಳಿಕೊಳ್ಳುತ್ತಿದೆ. ಈ ಭಾವವನ್ನು ಕಳೆದುಕೊಂಡ ಚರ್ಚು ಎಷ್ಟು ದೊಡ್ಡದಾದರೂ ಊರಿಗೆ ಹೊರಗಿನದೇ. ಇದನ್ನು ಉಳಿಸಿಕೊಂಡ ಚರ್ಚು ಎಷ್ಟು ಚಿಕ್ಕದಾದರೂ ಊರಿನದೇ.

ಹೀಗೆ ನೋಡಿದಾಗ ನಮ್ಮ ಮೊದಲನೆಯ ಸಿದ್ಧಾಂತ ಇದು: ತಾನು ಹೇಳುವಷ್ಟೇ ಶ್ರದ್ಧೆಯಿಂದ ಊರಿನ ಮಾತನ್ನು ಕೇಳುವ ಸಭೆ ಪ್ರಸ್ತುತವಾಗಿ ಉಳಿಯುತ್ತದೆ. ಭಾಷೆಯ ಪ್ರಶ್ನೆಯೂ ಇದರಲ್ಲಿ ಅಡಗಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆದ ಮೇಲೆ ಕಥೋಲಿಕ ಪೂಜೆ ಲ್ಯಾಟಿನ್ನನ್ನು ಬಿಟ್ಟು ದೇಶಭಾಷೆಗಳಿಗೆ ಬಂದಿತು. ಆದರೆ ಬೆಂಗಳೂರಿನಂಥ ಕಡೆ ಆ ದೇಶಭಾಷೆ ಯಾವುದಾಗಬೇಕೆಂಬ ಬಗ್ಗೆ ಕನ್ನಡ ಕ್ರೈಸ್ತರು ದೀರ್ಘಕಾಲ ಹೋರಾಡಬೇಕಾಯಿತು. 1953ರಲ್ಲಿ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳನ್ನು ಭಾಷೆಯ ಮೇಲೆ ಹಂಚಿದಾಗ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋಗಿ, ಉಳಿದವು ಮೈಸೂರಿಗೆ ಬಂದವು. ಹೊಸಪೇಟೆ, ಕಂಪ್ಲಿಗಳಂಥ ಗಡಿಸೀಮೆಯ ಊರುಗಳಲ್ಲಿ ಪ್ರಾರ್ಥನೆಯ ಭಾಷೆ ಯಾವುದು ಎಂಬುದು ಕೇವಲ ಅನುಕೂಲದ ಮಾತಲ್ಲ. ದೇವರೊಡನೆ ಒಂದು ಭಾಷೆ, ನೆರೆಯವನೊಡನೆ ಇನ್ನೊಂದು ಭಾಷೆ ಎಂದಾದರೆ ದೇವರೂ ನೆರೆಯವನೂ ದೂರದೂರವಾಗುತ್ತಾರೆ. ದುಡಿಯಲು ಬಂದ ತೆಲುಗಿನವನಿಗೂ ತಮಿಳಿನವನಿಗೂ ಅವರವರ ಭಾಷೆಯಲ್ಲಿ ಪ್ರಾರ್ಥನೆ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಊರಿನ ಭಾಷೆ ಸಭೆಗೆ ಅತಿಥಿಯಾಗಬಾರದು ಎಂದಷ್ಟೇ.

5

ಎರಡನೆಯ ಪರೀಕ್ಷೆ ಇನ್ನೂ ಕಠಿಣವಾದದ್ದು. ಅದನ್ನು ಸಂಡೂರು ಮುಂದಿಡುತ್ತದೆ. 1932ರಲ್ಲಿ ಸಂಡೂರಿನ ಅರಸರು ತಮ್ಮ ಸಂಸ್ಥಾನದ ಪ್ರಸಿದ್ಧವಾದ ಕುಮಾರಸ್ವಾಮಿ ದೇವಾಲಯದ ಬಾಗಿಲನ್ನು ಹರಿಜನರಿಗೆ ತೆರೆಸಿದರು. ತಿರುವಾಂಕೂರಿನ ಪ್ರಖ್ಯಾತ ಘೋಷಣೆ ಹೊರಟದ್ದು 1936ರಲ್ಲಿ. ಈ ಸಣ್ಣ ಸಂಸ್ಥಾನ ಅದಕ್ಕಿಂತ ಮುಂದಿತ್ತು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದು ಈ ಕಾರ್ಯವನ್ನು ಮೆಚ್ಚಿದರು.

ಅಲ್ಲಿಯವರೆಗೆ ಚರ್ಚಿನ ಒಂದು ದೊಡ್ಡ ವಾದವೆಂದರೆ, ನಿಮ್ಮ ಗುಡಿಯ ಬಾಗಿಲು ಮುಚ್ಚಿದೆ, ನಮ್ಮದು ತೆರೆದಿದೆ ಎಂಬುದು. ಕುಮಾರಸ್ವಾಮಿಯ ಗುಡಿಯ ಬಾಗಿಲು ತೆರೆದ ದಿನ ಈ ಸೀಮೆಯಲ್ಲಿ ಆ ವಾದದ ಅರ್ಧಬಲ ಕುಂದಿತು. 1950ರಲ್ಲಿ ಸಂವಿಧಾನ ಜಾರಿಗೆ ಬಂದು ಅಸ್ಪೃಶ್ಯತೆಯನ್ನು ನಿಷೇಧಿಸಿದಾಗ ಉಳಿದರ್ಧವೂ, ಕಾನೂನಿನ ಮಟ್ಟಿಗಾದರೂ, ಹೋಯಿತು. ಇನ್ನು ಉಳಿದ ಪ್ರಶ್ನೆ ಬಾಗಿಲಿನದಲ್ಲ, ಒಳಗಿನ ಪಂಕ್ತಿಯದು. ಬಾಗಿಲನ್ನು ಅರಸನ ಆಜ್ಞೆ ತೆರೆಯಬಹುದು. ಪಕ್ಕದಲ್ಲಿ ಕುಳಿತು ಉಣ್ಣುವುದನ್ನೂ ಹೆಣ್ಣು ಕೊಟ್ಟು ತರುವುದನ್ನೂ ಯಾವ ಆಜ್ಞೆಯೂ ಮಾಡಿಸಲಾರದು. ಅದನ್ನು ಮಾಡಬಲ್ಲದ್ದು ಒಟ್ಟಿಗೆ ಬಾಳುವ ಒಂದು ಸಭೆ ಮಾತ್ರ. ಕ್ರೈಸ್ತರ ಮುಖ್ಯ ಸಂಸ್ಕಾರವಾದ ಪ್ರಭುಭೋಜನ ಎಂಬುದು ಮೂಲದಲ್ಲಿ ಒಂದು ಸಹಪಂಕ್ತಿಯೇ ಅಲ್ಲವೆ?

ಇಲ್ಲಿ ಚರ್ಚಿನ ವಿಷಯದಲ್ಲಿ ನಾವು ನಿಷ್ಠುರವಾಗಿ ಹೇಳಲೇಬೇಕಾದ ಮಾತಿದೆ. ಜಾತಿ ಚರ್ಚಿನ ಹೊಸ್ತಿಲಲ್ಲಿ ಚಪ್ಪಲಿಯಂತೆ ಕಳಚಿ ಉಳಿಯಲಿಲ್ಲ. ಅದು ಒಳಕ್ಕೂ ಬಂದಿತು. ದಕ್ಷಿಣ ಭಾರತದ ಅನೇಕ ಕಡೆ ಸ್ಮಶಾನದಲ್ಲಿಯೂ ಮದುವೆಯ ಮಾತುಕತೆಯಲ್ಲಿಯೂ ಅದು ಕಾಣಿಸಿಕೊಂಡಿದೆ. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು; ಅದು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು; ದಲಿತ ಕ್ರೈಸ್ತರು ಹೊರಗೇ ಉಳಿದರು. ಅವರ ಪರವಾಗಿ ಚರ್ಚಿನ ಮುಖಂಡರು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಆ ವಾದದ ಹುರುಳು ಏನು? ಮತಾಂತರದಿಂದ ಜಾತಿಯ ಕಷ್ಟ ಹೋಗಲಿಲ್ಲ, ಚರ್ಚಿನ ಒಳಗೂ ಹೊರಗೂ ಅದು ಬೆನ್ನುಹತ್ತಿದೆ ಎಂಬುದು. ನ್ಯಾಯಾಲಯದಲ್ಲಿ ಹೇಳುವ ಈ ಸತ್ಯವನ್ನು ಭಾನುವಾರದ ಪ್ರಸಂಗದಲ್ಲಿಯೂ ಹೇಳುವ ಧೈರ್ಯ ಚರ್ಚಿಗೆ ಬರಬೇಕು. ಅಲ್ಲಿ ಒಂದು, ಇಲ್ಲಿ ಒಂದು ಎಂದಾದರೆ ಎರಡು ಕಡೆಯೂ ಮಾತಿಗೆ ಬೆಲೆಯಿರದು.

ಇದು ಹೊರಗಿನವರು ಹೊರಿಸುವ ದೂರು ಎಂದು ತಳ್ಳಿಹಾಕುವಂತಿಲ್ಲ. ಸಭೆಯ ಪಂಕ್ತಿಯನ್ನು ಮೊಟ್ಟಮೊದಲು ಟೀಕಿಸಿದವನು ಸಂತ ಪೌಲನೇ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲು ಉಂಡು, ಇಲ್ಲದವರು ಹಸಿದು ಕೂರುತ್ತಿದ್ದುದನ್ನು ಕೇಳಿ ಆತನು ಅವರನ್ನು ಕಠೋರವಾಗಿ ಖಂಡಿಸಿದನು. ಅಂಥ ಊಟ ಪ್ರಭುವಿನದಲ್ಲವೆಂಬುದು ಆತನ ಮತ. ಎಂದರೆ, ಚರ್ಚು ಪ್ರಸ್ತುತವೇ ಅಲ್ಲವೇ ಎಂಬುದನ್ನು ಅಳೆಯುವ ಕೋಲು ಚರ್ಚಿನ ಗ್ರಂಥದಲ್ಲಿಯೇ ಇದೆ. ಚನ್ನಪ್ಪನವರು ಅನುಭವ ಮಂಟಪದ ಕಡೆಗೆ ಅಷ್ಟು ಆಸ್ಥೆಯಿಂದ ತಿರುಗಿದ್ದರ ಮರ್ಮವೂ ಇಲ್ಲೇ ಇರಬೇಕು. ಸೌದೆಯ ಹೊರೆ ಹೊರುವವನೂ ಚರ್ಮದ ಕೆಲಸದವನೂ ದಂಡನಾಯಕನೂ ಒಂದೇ ನೆಲದ ಮೇಲೆ ಕುಳಿತು ಮಾತಾಡಿದರೆಂಬುದು ಈ ನಾಡಿನ ದೊಡ್ಡ ನೆನಪು. ಅದು ನಿಜವಾಗಿ ನಡೆದದ್ದೆಂದು ಸಾಧಿಸುವುದು ಪಾದ್ರಿಗೆ ಏಕೆ ಮುಖ್ಯವಾಯಿತು? ಒಮ್ಮೆ ನಡೆದದ್ದು ಇನ್ನೊಮ್ಮೆ ನಡೆಯಬಹುದಾದ್ದರಿಂದ ಎಂದು ನಾವು ಊಹಿಸುತ್ತೇವೆ.

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಯೂರೋಪಿನಲ್ಲಿ ಶತಮಾನಗಳಿಂದ ಬೇರೆಬೇರೆ ನಿಂತಿದ್ದವರು ಇಲ್ಲಿ ಒಂದಾದರು. ಅದೇ ಸಭೆ 1976ರಲ್ಲಿ ಸ್ತ್ರೀಯೊಬ್ಬರಿಗೆ ಗುರುದೀಕ್ಷೆ ಕೊಟ್ಟಿತು. 2013ರಲ್ಲಿ ನಂದ್ಯಾಲದ ಬಿಷಪ್ಪರ ಪೀಠಕ್ಕೆ ಸ್ತ್ರೀಯೊಬ್ಬರನ್ನು ಆರಿಸಿತು. ತನ್ನನ್ನು ತಿದ್ದಿಕೊಳ್ಳುವ ಶಕ್ತಿ ಪೂರ್ತಿ ಬತ್ತಿಲ್ಲವೆಂಬುದಕ್ಕೆ ಇವು ಸಾಕ್ಷಿ.

6

ಈಗ ಎರಡು ಆಕ್ಷೇಪಣೆಗಳನ್ನು ಪರಿಶೀಲಿಸುವುದು ಉಚಿತ.

ಚರ್ಚು ಪರದೇಶದ ಆಳ್ವಿಕೆಯ ಜೊತೆಗೆ ಬಂದದ್ದು, ಅದರ ಸೇವೆಯೆಲ್ಲ ಮತಾಂತರದ ಬಲೆ ಎಂಬುದು ಮೊದಲನೆಯದು. ಈ ಸಂಶಯದ ಕಾವು ಇಂದಿಗೂ ಆರಿಲ್ಲ. 2008ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಕೆಲವು ಕಡೆ ಚರ್ಚುಗಳ ಮೇಲೆ ದಾಳಿಗಳು ನಡೆದವು. 2022ರಲ್ಲಿ ರಾಜ್ಯದ ಶಾಸಕಾಂಗ ಮತಾಂತರವನ್ನು ಕುರಿತು ಕಾಯಿದೆಯೊಂದನ್ನು ಅಂಗೀಕರಿಸಿತು. ಬಲಾತ್ಕಾರದಿಂದಲೂ ಆಮಿಷದಿಂದಲೂ ಮಾಡಿದ ಮತಾಂತರ ತಪ್ಪೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕಲ್ಲೆಸೆತ ಅದಕ್ಕೆ ಉತ್ತರವಲ್ಲವೆಂಬುದರಲ್ಲಿಯೂ ಇರಬಾರದು. ಆದರೆ ಹುಟ್ಟಿನಿಂದ ಸಂಸ್ಥೆಯ ಬೆಲೆ ಕಟ್ಟುವುದು ವಿಚಾರದ ದಾರಿಯಲ್ಲ. ಅಚ್ಚಿನ ಯಂತ್ರ, ರೈಲು, ನಾವು ಪಾಠ ಹೇಳುವ ಕಾಲೇಜು, ಎಲ್ಲವೂ ಅದೇ ಕಾಲದಲ್ಲಿ ಅದೇ ದಾರಿಯಲ್ಲಿ ಬಂದವು. ಬಂದ ಮೇಲೆ ನಮ್ಮವಾದವೇ ಎಂಬುದು ಕೇಳಬೇಕಾದ ಪ್ರಶ್ನೆ. ಸರ್ವಜ್ಞನನ್ನು ನಾಡಿಗೆ ಕೂಡಿಸಿಕೊಟ್ಟ ಪಾದ್ರಿಯನ್ನು ಪರಕೀಯನೆನ್ನುವುದು ಸರ್ವಜ್ಞನಿಗೇ ಒಪ್ಪಿಗೆಯಾಗದ ಮಾತು.

ಎರಡನೆಯದು ಸೂಕ್ಷ್ಮವಾದದ್ದು. ಕ್ರಿಸ್ತನು ಬೇಕು, ಚರ್ಚು ಬೇಡ ಎಂದು ಕೆಲವರು ಹೇಳುತ್ತಾರೆ. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೂ 'ಗೊಲ್ಗೊಥಾ' ಕಾವ್ಯದಲ್ಲಿ ಕ್ರಿಸ್ತನ ಕಡೆಯ ದಿನವನ್ನು ಕನ್ನಡಕ್ಕೆ ಕಂಡುಕೊಟ್ಟರು. ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ ಕ್ರೈಸ್ತ ಧರ್ಮ–ಸಮಾಜ ಅಧ್ಯಯನ ಸಂಸ್ಥೆಯಲ್ಲಿ ಪಿ. ಡಿ. ದೇವನಂದನ್, ಎಂ. ಎಂ. ಥಾಮಸ್ ಅವರು, ರಾಮಮೋಹನ ರಾಯರಿಂದ ಗಾಂಧೀಜಿಯವರೆಗೆ ಭಾರತದ ನವೋದಯ ಪುರುಷರು ಚರ್ಚಿನ ಹೊರಗೆ ನಿಂತೇ ಕ್ರಿಸ್ತನನ್ನು ಅರಿತ ಬಗೆಯನ್ನು ಗಂಭೀರವಾಗಿ ಚಿಂತಿಸಿದರು. ಹಾಗಿದ್ದಮೇಲೆ ಸಭೆ ಏಕೆ?

ಗ್ರಂಥದಲ್ಲಿರುವ ಕ್ರಿಸ್ತನು ನಮ್ಮನ್ನು ನೋಯಿಸುವುದಿಲ್ಲ; ನಮಗೆ ಬೇಕಾದಾಗ ತೆರೆದು ಬೇಡವಾದಾಗ ಮುಚ್ಚಬಹುದು. ಪಕ್ಕದ ಬೆಂಚಿನ ಮೇಲೆ ಕುಳಿತ ನೆರೆಯವನನ್ನು ಹಾಗೆ ಮುಚ್ಚಿಡಲಾಗದು. ಕಾವ್ಯ ನಮ್ಮ ಹೃದಯವನ್ನು ವಿಸ್ತರಿಸುತ್ತದೆ. ಸಭೆ ನಮ್ಮ ಸ್ಥಳವನ್ನು ಕೇಳುತ್ತದೆ. ಎರಡೂ ಬೇಕು. ನಾಜಿ ಸರ್ಕಾರವನ್ನು ಎದುರಿಸಿ 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿದ ಜರ್ಮನ್ ಪಾದ್ರಿ ಬಾನ್‌ಹಾಫರ್ ಸೆರೆಮನೆಯಿಂದ ಬರೆದ ಪತ್ರಗಳಲ್ಲಿ, ಪರರಿಗಾಗಿ ಇರುವ ಚರ್ಚೇ ಚರ್ಚು ಎಂಬ ಭಾವವನ್ನು ಬೆಳೆಸಿದನು. ತನ್ನ ದೇಶದ ಚರ್ಚಿನ ಬಹುಭಾಗ ಅಧಿಕಾರಕ್ಕೆ ತಲೆಬಾಗಿದುದನ್ನು ಕಂಡ ಆತನು ಸಭೆಯನ್ನು ತೊರೆಯಲಿಲ್ಲ. ಅದಕ್ಕೆ ಹೊಸ ಅರ್ಥವನ್ನು ಕೇಳಿದನು.

ಪರರಿಗಾಗಿ ಎಂಬ ಮಾತು ಈ ಸೀಮೆಯಲ್ಲಿ ಗಾಳಿಯ ಮಾತಾಗಬೇಕಾದ್ದಿಲ್ಲ. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ತೆಗೆಯುವ ಕೆಲಸ ಈ ಶತಮಾನದ ಮೊದಲ ದಶಕದಲ್ಲಿ ಮಿತಿಮೀರಿ, 2011ರಲ್ಲಿ ಲೋಕಾಯುಕ್ತರ ವರದಿ ಹೊರಬಂದು, ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯ ತಡೆಯಬೇಕಾಯಿತು. ಗಣಿ ನಡೆಯುವಾಗ ಧೂಳು ಕುಡಿದವನೂ ಗಣಿ ನಿಂತಾಗ ಕೂಲಿ ಕಳೆದುಕೊಂಡವನೂ ಒಬ್ಬನೇ ಕೂಲಿಕಾರ. ಕಂಪ್ಲಿಯ ಸುತ್ತ ಕಾಲುವೆಯ ನೀರು ಬಂದಲ್ಲೆಲ್ಲ ಭತ್ತದ ಗದ್ದೆಗಳಾದವು. ನಾಟಿಯ ಕಾಲಕ್ಕೆ ಬಂದು ಹೋಗುವ ಹೆಂಗಸರ ಹೆಸರು ಯಾವ ದಫ್ತರದಲ್ಲಿಯೂ ಇರದು. ಸರ್ಕಾರ ಇವರನ್ನು ಫಲಾನುಭವಿಗಳೆಂದು ಎಣಿಸುತ್ತದೆ, ಪಕ್ಷಗಳು ಮತದಾರರೆಂದು ಎಣಿಸುತ್ತವೆ, ಗುತ್ತಿಗೆದಾರನು ಆಳುಗಳೆಂದು ಎಣಿಸುತ್ತಾನೆ. ಇವರನ್ನು ಹೆಸರು ಹಿಡಿದು ಕರೆಯುವ, ಜ್ವರ ಬಂದರೆ ವಿಚಾರಿಸುವ, ಸತ್ತರೆ ಹೆಗಲು ಕೊಡುವ, ಪ್ರತಿಯಾಗಿ ಏನನ್ನೂ ಕೇಳದ ಒಂದು ಕೂಟ ಬೇಕು. ಅದು ಮಸೀದಿಯಿಂದ ಬಂದರೂ ಮಠದಿಂದ ಬಂದರೂ ಸಂತೋಷವೇ. ಆದರೆ ವಾರಕ್ಕೊಮ್ಮೆ ಕೂಡುವ, ಹೆಸರುಗಳ ಪುಸ್ತಕವಿಟ್ಟಿರುವ, ರೋಗಿಗಳನ್ನು ನೋಡಹೋಗುವುದನ್ನು ಕರ್ತವ್ಯವೆಂದು ಒಪ್ಪಿರುವ ಸಭೆಗೆ ಈ ಕೆಲಸ ಎಲ್ಲರಿಗಿಂತ ಹತ್ತಿರದ್ದು. ಚಿಕ್ಕದಾಗಿರುವುದು ಇಲ್ಲಿ ಕುಂದಲ್ಲ, ಅನುಕೂಲ. ದೊಡ್ಡ ಸಂಸ್ಥೆಗೆ ಹೆಸರುಗಳು ನೆನಪಿರುವುದಿಲ್ಲ.

7

ಆರಂಭದ ಪ್ರಶ್ನೆಗೆ ಮರಳೋಣ. ಹಿಂದೆ ಮಾಡಿದ ಉಪಕಾರಗಳನ್ನು ಎಣಿಸುತ್ತ ಕೂರುವ ಚರ್ಚು ವಿಠ್ಠಲನ ಗುಡಿಯಂತೆ ಭವ್ಯವಾಗಿ, ಬರಿದಾಗಿ ನಿಲ್ಲುತ್ತದೆ. ಅದರ ಶಾಲೆಗಳಿಗೆ ಮಕ್ಕಳು ಬರುತ್ತಾರೆ, ಅದರ ಗೋಪುರವನ್ನು ಜನ ನೋಡುತ್ತಾರೆ, ಒಳಗೆ ದೀಪವಿರದು. ಊರಿನ ಮಾತನ್ನು ಕೇಳುವ, ಪಂಕ್ತಿಯಲ್ಲಿ ಭೇದ ಮಾಡದ, ಹೆಸರಿಲ್ಲದವರ ಹೆಸರು ಹಿಡಿದು ಕರೆಯುವ ಸಭೆ ವಿರೂಪಾಕ್ಷನ ಗುಡಿಯಂತೆ ನಿತ್ಯದ ಬಾಳಿಗೆ ಸೇರುತ್ತದೆ. ಇವೆರಡರಲ್ಲಿ ಯಾವುದಾಗಬೇಕೆಂಬುದನ್ನು ಟೀಕಾಕಾರರು ತೀರ್ಮಾನಿಸಲಾರರು, ಕ್ರೈಸ್ತರೇ ತೀರ್ಮಾನಿಸಬೇಕು.

ಮೂರನೆಯ ಬಗೆಯನ್ನು ಮರೆಯುವಂತಿಲ್ಲ. ಕಂಪಿಲಿಯ ಕೋಟೆ ಬಿದ್ದರೂ ಕುಮಾರರಾಮನು ಹಾಡಿನಲ್ಲಿ ಉಳಿದಂತೆ, ಕೆಲವು ವೇಳೆ ಸಂಸ್ಥೆ ಕರಗಿ ಅದರ ಸತ್ವ ಜನರಲ್ಲಿ ನಿಲ್ಲುತ್ತದೆ. ಇಂದು ಯಾವುದೋ ಹಳ್ಳಿಯ ಶಾಲೆಯಲ್ಲಿ ಹುಡುಗನೊಬ್ಬನು ಸರ್ವಜ್ಞನ ತ್ರಿಪದಿಯನ್ನು ಬಾಯಿಪಾಠ ಒಪ್ಪಿಸುವಾಗ, ಅದನ್ನು ಮನೆಮನೆ ಅಲೆದು ಕೂಡಿಟ್ಟವನು ಒಬ್ಬ ಪಾದ್ರಿಯೆಂಬುದು ಅವನಿಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ. ಬೆತ್ಲೆಹೇಮಿನ ವಿನಂತಿಯನ್ನು ಬನಾರಸು ಅಂಗೀಕರಿಸಿತೋ ಇಲ್ಲವೋ, ಹಡಗಲಿಯಂತೂ ಒಂದು ಉತ್ತರ ಕೊಟ್ಟಿದೆ. ಅದನ್ನು ಓದಿ ತಿಳಿಯುವ ಹೊಣೆ ಚರ್ಚಿನ ಮೇಲೆ ಎಷ್ಟಿದೆಯೋ, ಕನ್ನಡವನ್ನು ಕಲಿಸುವ ನಮ್ಮ ಮೇಲೆಯೂ ಅಷ್ಟೇ ಇದೆ.